ಥ್ಯಾಂಕ್ಸ್ ಯಾಕೆ ಯಾವಾಗಲೂ ಮೇಲಕ್ಕೇ ಹೋಗುತ್ತೆ?

ಲಿಂಕ್ಡ್‌ಇನ್ ತೆರೆದರೆ ಸಾಕು, ವಾರಕ್ಕೆ ಎರಡಾದರೂ ಇಂಥ ಪೋಸ್ಟು ಕಣ್ಣಿಗೆ ಬೀಳುತ್ತೆ. ಬ್ಲೇಜರ್ ಹಾಕಿಕೊಂಡ ಇಪ್ಪತ್ತು ಜನ, ಹಿಂದೆ ಹೋಟೆಲ್ಲಿನ ಬ್ಯಾನರು, ಕೈಯಲ್ಲಿ ಸರ್ಟಿಫಿಕೇಟು. ಲೀಡರ್‌ಶಿಪ್ ಪ್ರೋಗ್ರಾಂ ಮುಗಿಸಿದೆ, ಹೃದಯ ತುಂಬಿ ಬಂದಿದೆ, ನನ್ನ ಮೇಲೆ ನಂಬಿಕೆ ಇಟ್ಟ ಇಂಥ ವೈಸ್ ಪ್ರೆಸಿಡೆಂಟರಿಗೆ, ಇಂಥ ಮೆಂಟರಿಗೆ, ಎಚ್‌ಆರ್ ತಂಡಕ್ಕೆ ಚಿರಋಣಿ. ಈ ಪಯಣ ನನ್ನನ್ನು ಬೆಳೆಸಿತು. ಕೊನೆಗೊಂದು ಕೈಮುಗಿಯೋ ಇಮೋಜಿ.

ಇದನ್ನೆಲ್ಲ ಹೊರಗೆ ನಿಂತು ಆಡಿಕೊಳ್ತಿದ್ದಾನೆ ಅಂದುಕೊಳ್ಳಬೇಡಿ. ಹೋದ ತಿಂಗಳು ನಾನೂ ಅಂಥದೊಂದನ್ನು ಮುಗಿಸಿದವನೇ. ಆರು ತಿಂಗಳು, ಹದಿನೈದು ದಿನಕ್ಕೊಮ್ಮೆ ಗುರುವಾರ, ಶುಕ್ರವಾರ. ಕಲಿತದ್ದೂ ಉಂಟು. ಯಾರಿಗಾದರೂ ತಪ್ಪು ತೋರಿಸುವಾಗ ‘ನೀನು ಬೇಜವಾಬ್ದಾರಿ ಮನುಷ್ಯ’ ಅನ್ನಬಾರದು. ‘ಮಂಗಳವಾರದ ರಿಲೀಸ್‌ನಲ್ಲಿ ಟೆಸ್ಟ್ ಓಡಿಸದೆ ಕೋಡ್ ಮರ್ಜ್ ಮಾಡಿದೆ, ಅದರಿಂದ ಇಬ್ಬರು ರಾತ್ರಿಯಿಡೀ ಕೂರಬೇಕಾಯ್ತು’ ಅನ್ನಬೇಕು. ಸಂದರ್ಭ, ನಡವಳಿಕೆ, ಪರಿಣಾಮ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನೋ ಅಮೆರಿಕದ ಸಂಸ್ಥೆ ಕೊಟ್ಟ ಸೂತ್ರ ಇದು. ಒಳ್ಳೆಯ ಸೂತ್ರ. ಮನೇಲೂ ಉಪಯೋಗಕ್ಕೆ ಬರುತ್ತೆ. ಅದನ್ನೇ ಹಿಡಕೊಂಡು ಈ ಪ್ರೋಗ್ರಾಮಿಗೂ ಒಂದು ಫೀಡ್‌ಬ್ಯಾಕ್ ಕೊಟ್ಟರೆ ತಪ್ಪೇನು?

ಮೊದಲು ಲೆಕ್ಕ ನೋಡೋಣ. ಕೋರ್ಸಿನ ಫೀಸು ಕಂಪನಿ ಕಟ್ಟಿತು, ನಿಜ. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಅಷ್ಟನ್ನೂ ವಾಪಸ್ ಕೊಡಬೇಕು ಅಂತ ಮೊದಲ ದಿನವೇ ಸಹಿ ಹಾಕಿಸಿಕೊಂಡಿತು, ಅದೂ ನಿಜ. ಅಂದರೆ ಕಂಪನಿಗೂ ನನಗೂ ಇರುವ ಋಣ ಕಾಗದದ ಮೇಲೆ ಚುಕ್ತಾ. ಇನ್ನು ಚುಕ್ತಾ ಆಗದೆ ಉಳಿದ ಋಣ ಯಾರದು? ನಾನು ಕ್ಲಾಸಿನಲ್ಲಿ ಕೂತ ಆ ಇಪ್ಪತ್ತನಾಲ್ಕು ಕೆಲಸದ ದಿನ ನನ್ನ ಕೆಲಸವನ್ನ ಯಾರೋ ಮಾಡಿದರಲ್ಲ, ಅವರದು.

ನಮ್ಮ ತಂಡದಲ್ಲಿ ಅಂಥವರು ಮೂರು ಜನ. ಅದರಲ್ಲಿ ಒಬ್ಬಾಕೆ ಬೇರೆ ಏಜೆನ್ಸಿ ಮೂಲಕ ಬಂದ ಕಾಂಟ್ರ್ಯಾಕ್ಟ್ ಇಂಜಿನಿಯರ್. ನನ್ನ ಆನ್-ಕಾಲ್ ಸರದಿಯ ಬಹುಪಾಲು ಆಕೆಯ ತಲೆ ಮೇಲೆ ಬಿತ್ತು. ಒಂದು ಗುರುವಾರ ರಾತ್ರಿ ಒಂದೂವರೆಗೆ ಪೇಮೆಂಟ್ ಕ್ಯೂ ಕಟ್ಟಿಕೊಂಡು, ಬೆಳಗಿನ ಐದರವರೆಗೂ ಒಬ್ಬಳೇ ಕೂತು ಬಿಡಿಸಿದಳು. ಅವತ್ತು ಬೆಳಿಗ್ಗೆ ಹತ್ತಕ್ಕೆ ನಾವು ‘ಭಾವಿ ನಾಯಕರು’ ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಸ್ಪಗೆಟಿ ಕಡ್ಡಿ ಜೋಡಿಸಿ, ತುದಿಗೆ ಮಾರ್ಷ್‌ಮ್ಯಾಲೋ ಸಿಕ್ಕಿಸಿ ಗೋಪುರ ಕಟ್ಟುತ್ತಿದ್ದೆವು. ಟೀಮ್‌ವರ್ಕ್ ಕಲಿಯಲಿಕ್ಕೆ.

ಪ್ರೋಗ್ರಾಮಿನ ಐದನೇ ತಿಂಗಳಲ್ಲಿ ಆಕೆಯ ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಬಜೆಟ್ ಇಲ್ಲ ಅಂದರು. ತರಬೇತಿಗೆ ಇತ್ತಲ್ಲ ಅಂತ ಕೇಳಿದ್ದಕ್ಕೆ, ಅದು ಬೇರೆ ಹೆಡ್ ಅಂದರು. ಅಪ್ರೈಸಲ್ ಫಾರ್ಮಿನಲ್ಲಿ ಆಕೆಯ ಕೆಲಸವನ್ನು ನಮೂದಿಸಲು ಹೋದರೆ, ‘ನೆರವಾದ ಸಹೋದ್ಯೋಗಿ’ ಅನ್ನೋ ಕಾಲಮ್ಮಿನಲ್ಲಿ ಕಾಂಟ್ರ್ಯಾಕ್ಟ್ ಐಡಿ ಟೈಪ್ ಮಾಡಿದರೆ ಹೆಸರೇ ಬರಲ್ಲ! ಕಡೆಗೆ ಮ್ಯಾನೇಜರಿಗೆ ಬೇರೆ ಮೇಲ್ ಬರೆದೆ. ‘ನೋಟೆಡ್’ ಅಂತ ಉತ್ತರ ಬಂತು. ಇದೇ ಹೊತ್ತಿಗೆ ನನ್ನ ರಿವ್ಯೂನಲ್ಲಿ ಮೇಲಿನವರು ಬರೆದದ್ದೇನು ಗೊತ್ತಾ? ತಾನಿಲ್ಲದಿದ್ದರೂ ನಡೆಯುವಂಥ ತಂಡವನ್ನು ಕಟ್ಟಿದ್ದಾನೆ ಅಂತ. ತಂಡ ನಡೀತು ಸ್ವಾಮಿ, ನಡೆಸಿದವಳನ್ನು ಮನೆಗೆ ಕಳಿಸಿದಿರಿ.

ನಾನು ಬಂದದ್ದು ತುರುವೇಕೆರೆ ಕಡೆಯ ಹಳ್ಳಿಯಿಂದ. ನಾನು ಚಿಕ್ಕವನಿದ್ದಾಗ ರಾಗಿ ಕುಯ್ಲಿಗೆ ಮುಯ್ಯಾಳು ಬರೋರು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳಿದ್ದು ನಾವು ನಿಮ್ಮ ಹೊಲಕ್ಕೆ. ಯಾರು ಪೂರಾ ದಿನ ಬಂದ್ರು, ಯಾರು ಅರ್ಧಕ್ಕೇ ಎದ್ದು ಹೋದ್ರು, ಅಷ್ಟೂ ಅವ್ವನ ತಲೆಯಲ್ಲಿರೋದು. ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿದ್ದು ಕಾಣೆ. ‘ಧನ್ಯವಾದಗಳು’ ಅಂತೇನಾದ್ರೂ ಅಂದಿದ್ದರೆ, ‘ಏನ್ಲಾ, ಸ್ಟೇಜ್ ಮೇಲೆ ಭಾಷಣ ಬಿಗೀತಿದೀಯಾ’ ಅಂತ ನಗೋರು. ಅವರ ಕುಯ್ಲಿನ ದಿನ ಕುಡುಗೋಲು ಹಿಡಕೊಂಡು ಹೋಗಿ ನಿಲ್ಲಬೇಕು, ಅಷ್ಟೆ. ಹೋಗದಿದ್ದರೆ ಊರೆಲ್ಲಾ ಮಾತು. ಕೃತಜ್ಞ ಅನ್ನೋ ಪದ ಬಿಡಿಸಿ ನೋಡಿ: ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ಯಾರು ಏನು ಮಾಡಿದರು ಅಂತ ಗೊತ್ತಿರೋನು. ಅವ್ವ ಕೃತಜ್ಞಳು. ನಮ್ಮ ಅಪ್ರೈಸಲ್ ಸಾಫ್ಟ್‌ವೇರು ಅಲ್ಲ.

ಹಳ್ಳಿಯನ್ನು ಹೊಗಳಿ ಅಟ್ಟಕ್ಕೇರಿಸುವ ಆಸೆ ನನಗಿಲ್ಲ. ಮುಯ್ಯಿ ಇದ್ದದ್ದು ಹೊಲ ಇದ್ದವರ ನಡುವೆ ಮಾತ್ರ. ಹೊಲವೇ ಇಲ್ಲದವರು ಅದೇ ಸಾಲಿನಲ್ಲಿ ಬಗ್ಗಿ ಅದೇ ರಾಗಿ ಕುಯ್ದರೂ ಅವರಿಗೆ ಮುಯ್ಯಿ ಇಲ್ಲ, ಕೂಲಿ. ಸಂಜೆ ಇಷ್ಟು ಸೇರು ಅಳೆದು ಹಾಕಿದರೆ ಮುಗೀತು, ಅವರ ಮನೆ ಕಡೆ ಯಾರೂ ಹೋಗಬೇಕಾಗಿಲ್ಲ. ಅವರ ಕೇರಿ ಯಾವುದು ಅಂತ ನಾನು ಬಿಡಿಸಿ ಹೇಳಬೇಕಾ? ಈಗ ನಮ್ಮ ಗಾಜಿನ ಬಿಲ್ಡಿಂಗಿನಲ್ಲಿ ಕಾಂಟ್ರ್ಯಾಕ್ಟಿನವರ ಬಗ್ಗೆ ಆಡುವ ಮಾತೂ ಇದೇ. ‘ಏಜೆನ್ಸಿಗೆ ದುಡ್ಡು ಕೊಡ್ತೀವಲ್ಲ’. ಐಡಿ ಕಾರ್ಡಿನ ದಾರದ ಬಣ್ಣ ಕೂಡ ಬೇರೆ.

ಪ್ರೋಗ್ರಾಮಿನಲ್ಲಿ ‘ಸರ್ವಂಟ್ ಲೀಡರ್‌ಶಿಪ್’ ಅಂತ ಅರ್ಧ ದಿನದ ಪಾಠ ಇತ್ತು. ರಾಬರ್ಟ್ ಗ್ರೀನ್‌ಲೀಫ್ ಅನ್ನೋ ಮನುಷ್ಯ, ಎಟಿ ಅಂಡ್ ಟಿ ಕಂಪನಿಯಲ್ಲಿ ದಶಕಗಟ್ಟಲೆ ದುಡಿದು ನಿವೃತ್ತನಾದ ಮೇಲೆ, 1970ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು ಈ ಮಾತು. ಸೇವೆ ಮಾಡುವವನೇ ನಾಯಕ ಅಂತ ಸ್ಲೈಡು ತೋರಿಸಿದರು, ಚಪ್ಪಾಳೆ ತಟ್ಟಿದೆವು. ಆದರೆ ಅದೇ ಪ್ರಬಂಧದಲ್ಲಿ ಆತ ಒಂದು ಪರೀಕ್ಷೆಯನ್ನೂ ಇಟ್ಟಿದ್ದಾನೆ. ನಾಯಕ ಬೆಳೆದನಾ ಅಂತಲ್ಲ, ಅವನ ಕೈಕೆಳಗಿನವರು ಬೆಳೆದರಾ ನೋಡಿ ಅನ್ನುತ್ತಾನೆ. ಅಷ್ಟಕ್ಕೇ ಬಿಡದೆ, ಎಲ್ಲರಿಗಿಂತ ಕೆಳಗಿರುವವರಿಗೆ ಇದರಿಂದ ಏನಾಯಿತು, ಒಳ್ಳೇದಾಯಿತಾ, ಇದ್ದದ್ದೂ ಹೋಯಿತಾ ಅಂತ ಕೇಳುತ್ತಾನೆ. ಸ್ಲೈಡಿನಲ್ಲಿ ಈ ಭಾಗ ಇರಲಿಲ್ಲ. ಇದ್ದಿದ್ದರೆ ನಮ್ಮ ಬ್ಯಾಚಿನಲ್ಲಿ ಎಷ್ಟು ಜನ ಪಾಸಾಗ್ತಿದ್ದೆವೋ!

ಮಾಸ್ಲೋನ ತ್ರಿಕೋನವೂ ಇತ್ತು, ಅದಿಲ್ಲದ ತರಬೇತಿ ಯಾವುದಿದೆ. ತಮಾಷೆ ಅಂದರೆ 1943ರ ಮಾಸ್ಲೋನ ಮೂಲ ಲೇಖನದಲ್ಲಿ ತ್ರಿಕೋನವೇ ಇಲ್ಲ, ಅದನ್ನು ಆಮೇಲೆ ಮ್ಯಾನೇಜ್‌ಮೆಂಟಿನವರು ಬರೆದುಕೊಂಡದ್ದು. ಏನು ಕೊಟ್ಟರೂ ಅದರಲ್ಲಿ ತುದಿಯಲ್ಲಿ ಒಬ್ಬ, ಕೆಳಗೆ ಉಳಿದವರು ಅಂತ ಚಿತ್ರ ಬಿಡಿಸಿಕೊಳ್ಳೋದು ನಮಗೆ ಅಭ್ಯಾಸವಾಗಿದೆ.

‘ಒಂದು ಥ್ಯಾಂಕ್ಸ್ ಹೇಳಿದರೆ ನಿನ್ನ ಗಂಟೇನು ಹೋಗುತ್ತೆ, ಸೌಜನ್ಯ ಅಷ್ಟೇ ಅಲ್ವಾ’ ಅಂದ ಒಬ್ಬ ಗೆಳೆಯ. ಸೌಜನ್ಯವೇ ಆಗಿದ್ದರೆ ಎಲ್ಲಾ ದಿಕ್ಕಿಗೂ ಹೋಗಬೇಕಿತ್ತಲ್ಲ. ಆ ಪೋಸ್ಟುಗಳನ್ನು ಇನ್ನೊಂದು ಸಲ ಓದಿ. ಟ್ಯಾಗ್ ಆದವರೆಲ್ಲ ಮುಂದಿನ ಪ್ರಮೋಷನ್ ಕಮಿಟಿಯಲ್ಲಿ ಕೂರುವವರು. ರಾತ್ರಿ ಪೇಜರ್ ಹಿಡಿದವರಿಲ್ಲ. ಮಗಳನ್ನು ಸ್ಕೂಲಿನಿಂದ ಕರಕೊಂಡು ಬಂದ ಅತ್ತೆ ಇಲ್ಲ. ಹೆಂಡತಿ ಇದ್ದರೂ ಕೊನೆಯಲ್ಲಿ, ‘ಕುಟುಂಬದ ಬೆಂಬಲ’ ಅನ್ನೋ ಎರಡೇ ಪದದಲ್ಲಿ. ಇದಕ್ಕೆ ಕನ್ನಡದಲ್ಲಿ ಬೇರೆ ಪದ ಇದೆ, ಅರ್ಜಿ ಅಂತ.

ಎಚ್‌ಆರ್‌ನವರು ನಮಗೆಲ್ಲ ಪೋಸ್ಟಿನ ಟೆಂಪ್ಲೇಟನ್ನೇ ಕಳಿಸಿದ್ದರು, ಹ್ಯಾಶ್‌ಟ್ಯಾಗ್ ಸಮೇತ. ಖಾಲಿ ಬಿಟ್ಟ ಜಾಗದಲ್ಲಿ ಮೆಂಟರ್ ಹೆಸರು ತುಂಬಿದರೆ ಆಯ್ತು. ನಾನು ಅದನ್ನು ಹಾಕಲಿಲ್ಲ. ಆ ಮೂವರನ್ನು ಊಟಕ್ಕೆ ಕರೆದೆ. ಇಬ್ಬರ ಆನ್-ಕಾಲ್ ಸರದಿ ಮೂರು ತಿಂಗಳು ನನ್ನದು ಅಂತ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. ಕೆಲಸ ಹೋದಾಕೆಗೆ ನನಗೆ ಪರಿಚಯ ಇರುವ ನಾಲ್ಕು ಕಡೆ ರೆಫರೆನ್ಸ್ ಕೊಟ್ಟಿದ್ದೇನೆ, ಒಂದು ಕಡೆ ಎರಡನೇ ಸುತ್ತಿನ ಇಂಟರ್‌ವ್ಯೂ ನಡೆದಿದೆ.

ಮುಂದಿನ ಬ್ಯಾಚಿಗೆ ಅರ್ಜಿ ಕರೆದಿದ್ದಾರೆ. ಅರ್ಹತೆ ಅನ್ನೋ ಕಡೆ ‘ಖಾಯಂ ಉದ್ಯೋಗಿಗಳಿಗೆ ಮಾತ್ರ’ ಅನ್ನೋ ಸಾಲು ಹಾಗೇ ಇದೆ. ಅದನ್ನು ತೆಗೆಯಿರಿ, ಇಲ್ಲವಾದರೆ ಕ್ಲಾಸಿಗೆ ಹೋದವರ ಕೆಲಸವನ್ನು ಯಾರು ಮಾಡಿದರು ಅಂತ ಹೆಸರು ಬರೆಯೋ ಕಾಲಮ್ಮನ್ನಾದರೂ ಫಾರ್ಮಿಗೆ ಸೇರಿಸಿ ಅಂತ ಬರೆದು ಕಳಿಸಿದ್ದೇನೆ. ನಮ್ಮ ಬ್ಯಾಚಿನ ಐದು ಜನ ಸಹಿ ಹಾಕಿದ್ದಾರೆ, ಉಳಿದವರನ್ನು ಕೇಳ್ತಾ ಇದ್ದೀನಿ. ನಿಮ್ಮ ಆಫೀಸಿನ ಫಾರ್ಮಿನಲ್ಲೂ ಆ ಸಾಲು ಇದೆಯಾ, ಒಂದು ಸಲ ನೋಡಿ.