ಡಬ್ಬಾ ಕ್ಯಾಮೆರಾದ ಮೂರನೇ ಕಣ್ಣು

ಕಳೆದ ತಿಂಗಳು ಒಂದು ಕ್ಯಾಮೆರಾ ಅಂಗಡಿಗೆ ಹೋಗಿ ಇನ್‌ಫ್ರಾರೆಡ್ ಫಿಲ್ಟರ್ ಇದೆಯಾ ಅಂತ ಕೇಳಿದೆ. ಕೌಂಟರಿನ ಹುಡುಗ ನನ್ನ ಕೈಲಿದ್ದ ಹಳೇ ಕಾಂಪ್ಯಾಕ್ಟ್ ಕ್ಯಾಮೆರಾ ನೋಡಿ ನಕ್ಕ. ‘ಸರ್, ಈ ಡಬ್ಬಾದಲ್ಲಿ ಅದೆಲ್ಲ ಆಗಲ್ಲ. ಡಿಎಸ್ಎಲ್ಆರ್ ತಗೊಳ್ಳಿ, ಇಎಂಐ ಇದೆ’ ಅಂದ. ಪಕ್ಕದಲ್ಲಿ ದೊಡ್ಡ ಲೆನ್ಸ್ ಬ್ಯಾಗ್ ನೇತುಹಾಕಿಕೊಂಡು ನಿಂತಿದ್ದ ಮಹಾಶಯರೊಬ್ಬರು ಪುಕ್ಕಟೆ ಸಲಹೆ ಸೇರಿಸಿದರು: ‘ಇನ್‌ಫ್ರಾರೆಡ್ಡಾ? ಫೋಟೋಶಾಪಲ್ಲಿ ಒಂದು ಕ್ಲಿಕ್ ಬಾಸ್. ಯಾಕೆ ಒದ್ದಾಡ್ತೀರ?’

ಎರಡೂ ಮಾತು ತಪ್ಪು. ಮೊದಲನೆಯದು ಬರೀ ವ್ಯಾಪಾರ, ಬಿಡಿ. ಎರಡನೆಯದು ಅದಕ್ಕಿಂತ ಕೆಟ್ಟದ್ದು.

ಮೊದಲು ಡಬ್ಬಾದ ವಿಷಯ. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್ ಹತ್ತಿರ ಕೈಚೆಲ್ಲುತ್ತದೆ. ಅದರಾಚೆಗೂ ಬಿಸಿಲಿದೆ ಅಂತ 1800ರಲ್ಲೇ ವಿಲಿಯಂ ಹರ್ಷೆಲ್ ಒಂದು ಪ್ರಿಸಮ್, ಕೆಲವು ಥರ್ಮಾಮೀಟರ್ ಇಟ್ಟುಕೊಂಡು ತೋರಿಸಿದ. ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್‌ಗೆ ಸುಮಾರು 1,100ರವರೆಗೂ ಕಾಣುತ್ತದೆ. ಅದನ್ನು ಹಾಗೇ ಬಿಟ್ಟರೆ ಮಾಮೂಲಿ ಫೋಟೋದ ಬಣ್ಣ ಕೆಡುತ್ತದೆ ಅಂತ ತಯಾರಕರು ಸೆನ್ಸರ್ ಮುಂದೆ ಒಂದು ತಡೆಗಾಜು ಕೂರಿಸಿರುತ್ತಾರೆ. ಆದರೆ ಆ ತಡೆ ಪೂರ್ತಿ ಅಲ್ಲ. ಹಳೇ ಮಾಡೆಲ್‌ಗಳಲ್ಲಂತೂ ಸಾಕಷ್ಟು ಸೋರುತ್ತದೆ. ನಂಬಿಕೆ ಬರಲಿಲ್ವಾ? ಟೀವಿ ರಿಮೋಟನ್ನು ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ, ಸ್ಕ್ರೀನ್ ನೋಡಿ. ರಿಮೋಟಿನ ಮೂತಿಯಲ್ಲಿ ನೇರಳೆ ಮಿಶ್ರಿತ ಬಿಳಿ ಚುಕ್ಕೆ ಮಿನುಗಿದರೆ ನಿಮ್ಮ ಡಬ್ಬಾ ಪಾಸು.

ಇನ್ನೂ ಒಂದು ಮಾತು ಆ ಹುಡುಗನಿಗೆ ಗೊತ್ತಿರಲಿಲ್ಲ. 720 ನ್ಯಾನೋಮೀಟರ್ ಫಿಲ್ಟರ್ ಕಣ್ಣಿಗೆ ಹೆಚ್ಚುಕಮ್ಮಿ ಕಪ್ಪು ಗಾಜು. ಡಿಎಸ್ಎಲ್ಆರ್‌ಗೆ ಅದನ್ನು ಹಾಕಿ ವ್ಯೂಫೈಂಡರಲ್ಲಿ ಇಣುಕಿದರೆ ಕತ್ತಲೆ. ಫಿಲ್ಟರ್ ತೆಗಿ, ಫ್ರೇಮ್ ಮಾಡು, ಫೋಕಸ್ ಮಾಡು, ಮತ್ತೆ ಹಾಕು. ಅಷ್ಟಾದರೂ ಫೋಕಸ್ ತಪ್ಪುವ ಸಾಧ್ಯತೆ ಇದೆ, ಯಾಕೆಂದರೆ ಇನ್‌ಫ್ರಾರೆಡ್ ಬೆಳಕು ಲೆನ್ಸಿನಲ್ಲಿ ಬೇರೆ ಜಾಗಕ್ಕೆ ಕೂಡಿಕೊಳ್ಳುತ್ತದೆ. ಕಾಂಪ್ಯಾಕ್ಟಲ್ಲಿ ಈ ಗೋಳಿಲ್ಲ. ಅದು ಸೆನ್ಸರ್ ಮೂಲಕವೇ ನೋಡುತ್ತದೆ, ಅದರಲ್ಲೇ ಫೋಕಸ್ ಹಿಡಿಯುತ್ತದೆ. ಒಳ್ಳೇ ಬಿಸಿಲಿದ್ದರೆ ಕಾಣದ ಬೆಳಕು ಹಿಂದಿನ ಸ್ಕ್ರೀನಿನಲ್ಲೇ ಮೂಡುತ್ತದೆ. ಆ ಹುಡುಗ ಡಬ್ಬಾ ಅಂದನಲ್ಲ, ಈ ಕೆಲಸಕ್ಕೆ ಅದೇ ಅನುಕೂಲ!

ಖರ್ಚೂ ಕಮ್ಮಿ. ಡೆವಲಪ್ ಆದ ಹಳೇ ಕಲರ್ ನೆಗೆಟಿವ್ ರೋಲಿನ ಬೆಳಕು ಬಿದ್ದ ಕಪ್ಪು ತುದಿ ಇದೆಯಲ್ಲ, ಅದರ ಎರಡು ಪದರ ಲೆನ್ಸ್ ಮುಂದೆ ಹಿಡಿದರೂ ಒಂದು ಮಟ್ಟಿಗೆ ಕೆಲಸ ನಡೆಯುತ್ತದೆ. ಹುಲ್ಲಿಗೆ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ. ಶಟರ್ ಒಂದೆರಡು ಸೆಕೆಂಡ್ ತೆರೆದಿರಬೇಕು, ಹಾಗಾಗಿ ಕೈಯಲ್ಲಿ ಹಿಡಿದರೆ ಆಗಲ್ಲ. ಟ್ರೈಪಾಡ್ ಇಲ್ಲದಿದ್ದರೆ ಕಾಂಪೌಂಡ್ ಗೋಡೆ ಮೇಲೆ ಒಂದು ಕೆಜಿ ಹೆಸರುಕಾಳಿನ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿ. ನಡುಮಧ್ಯಾಹ್ನ, ಅಂದ್ರೆ ಫೋಟೋಗ್ರಫಿ ಕ್ಲಾಸಿನವರು ಕ್ಯಾಮೆರಾ ಒಳಗಿಡಿ ಅನ್ನುವ ಹೊತ್ತು, ಇದಕ್ಕೆ ಒಳ್ಳೇ ಹೊತ್ತು.

ಈಗ ಆ ಒಂದು ಕ್ಲಿಕ್ಕಿನ ವಿಷಯ. ಇನ್‌ಫ್ರಾರೆಡ್ ಫೋಟೋದಲ್ಲಿ ಎಲೆ ಹಿಮ ಬಿದ್ದಂತೆ ಬೆಳ್ಳಗೆ ಕಾಣುತ್ತದೆ. 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ ರಾಬರ್ಟ್ ವುಡ್ ಹೆಸರಲ್ಲೇ ಇದನ್ನು ‘ವುಡ್ ಎಫೆಕ್ಟ್’ ಅಂತಾರೆ. ಹಲವರು ತಿಳಿದಿರುವ ಹಾಗೆ ಇದು ಎಲೆಯ ಶಾಖ ಅಲ್ಲ. ಶಾಖ ನೋಡುವ ಥರ್ಮಲ್ ಕ್ಯಾಮೆರಾನೇ ಬೇರೆ. ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಈ ಬೆಳಕನ್ನು ಹೀರುವುದಿಲ್ಲ. ಒಳಗಿನ ಸ್ಪಂಜಿನಂಥ ಜೀವಕೋಶಗಳ ರಚನೆ ಅದನ್ನು ಚೆದುರಿಸಿ ಹೊರಗೆ ಕಳಿಸುತ್ತದೆ. ಎಲೆ ಒಣಗಿ ಆ ರಚನೆ ಕುಸಿದರೆ ಈ ಗುಣವೂ ಬದಲಾಗುತ್ತದೆ. ಅಂದರೆ ಆ ಬಿಳುಪು ಅಲಂಕಾರ ಅಲ್ಲ, ಎಲೆಯ ಒಳಗಿಂದ ಬಂದ ಸುದ್ದಿ.

ಫೋಟೋಶಾಪಿಗೆ ಈ ಸುದ್ದಿ ಗೊತ್ತಿಲ್ಲ. ಅದು ಹಸಿರು ಕಂಡಲ್ಲೆಲ್ಲ ಬಿಳಿ ಬಳಿಯುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಮುಂದೆ ಹಸಿರು ಪೇಂಟ್ ಹೊಡೆದ ಕಬ್ಬಿಣದ ಬೇಲಿ ಇದೆ, ಅದರ ಹಿಂದೆ ಒಂದು ಹೊಂಗೆ ಮರ. ಒಂದೇ ಫ್ರೇಮನ್ನು ಎರಡು ಥರ ಮಾಡಿ ನೋಡಿದೆ. ಸಾಫ್ಟ್‌ವೇರಿನಲ್ಲಿ ಬೇಲಿಯೂ ಬಿಳಿ, ಮರವೂ ಬಿಳಿ. ಡಬ್ಬಾದಲ್ಲಿ ಹೊಂಗೆ ಬೆಳ್ಳಗೆ ಉರಿಯುತ್ತಿತ್ತು, ಬೇಲಿ ಕಪ್ಪಗೆ ನಿಂತಿತ್ತು. ಎಲ್ಲ ಹಸಿರು ಪೇಂಟೂ ಹೀಗೆ ಸಿಕ್ಕಿಬೀಳಲ್ಲ, ಒಪ್ಪುತ್ತೇನೆ. ಆದರೆ ಎರಡನೇ ಮಹಾಯುದ್ಧದಲ್ಲಿ ಸೈನ್ಯಗಳು ಹಸಿರು ಬಣ್ಣ ಬಳಿದು ಬಚ್ಚಿಟ್ಟದ್ದನ್ನು ವಿಮಾನದಿಂದ ಪತ್ತೆ ಮಾಡಲು ಇನ್‌ಫ್ರಾರೆಡ್ ಫಿಲ್ಮ್ ಬಳಸಿದ್ದು ಇದೇ ವ್ಯತ್ಯಾಸ ನಂಬಿಕೊಂಡು. 1988ರಲ್ಲಿ ನಮ್ಮ ಇಸ್ರೋದ ಐಆರ್‌ಎಸ್-1ಎ ಉಪಗ್ರಹ ಮೇಲಕ್ಕೆ ಹೋದಾಗಲೂ ಅದರ ಕ್ಯಾಮೆರಾಗಳಲ್ಲಿ ಒಂದು ಪಟ್ಟಿ ಇದೇ ಬೆಳಕಿಗೆ ಮೀಸಲಿತ್ತು. ಬೆಳೆ, ಕಾಡು ಎಷ್ಟಿದೆ, ಹೇಗಿದೆ ಅಂತ ಆಕಾಶದಿಂದ ಅಳೆಯುವುದು ಹೀಗೇ.

ಡಬ್ಬಾದ ಚಿತ್ರದಲ್ಲಿ ನಾಯ್ಸ್ ಜಾಸ್ತಿ, ಗಾಳಿ ಬೀಸಿದರೆ ಎಲೆ ಕಲಸಿಹೋಗುತ್ತದೆ. ತಡೆಗಾಜು ತೆಗೆಸಿದ ಡಿಎಸ್ಎಲ್ಆರ್ ಇದಕ್ಕಿಂತ ಚೆನ್ನಾಗಿ ತೆಗೆಯುತ್ತದೆ ಅನ್ನುವುದೂ ನಿಜ. ನನ್ನ ಜಗಳ ದೊಡ್ಡ ಕ್ಯಾಮೆರಾ ಜೊತೆಗಲ್ಲ. ನೋಡುವ ಮೊದಲೇ ಕೊಳ್ಳುವ ಚಟದ ಜೊತೆ, ನೋಡದೇ ನೋಡಿದಂತೆ ತೋರಿಸುವ ಕ್ಲಿಕ್ಕಿನ ಜೊತೆ.

ನಮ್ಮ ಊರಲ್ಲಿ ಈಗ ಬಡಾವಣೆಯ ಹೆಸರಲ್ಲಿ ಗ್ರೀನ್, ಬ್ರೋಷರ್ ಪೂರ್ತಿ ಗ್ರೀನ್, ಗೋಡೆಗೂ ಗ್ರೀನ್. ರಸ್ತೆ ಅಗಲ ಮಾಡೋಕೆ ಮರ ಕಡಿದ ಜಾಗದಲ್ಲೂ ಒಂದು ಹಸಿರು ಬೋರ್ಡು. ಇಂಥ ಊರಲ್ಲಿ ಎಲೆ ಯಾವುದು, ಪೇಂಟ್ ಯಾವುದು ಅಂತ ಕೇಳುವ ಕ್ಯಾಮೆರಾ ನಿಮ್ಮ ಡ್ರಾಯರಲ್ಲೇ ಧೂಳು ತಿನ್ನುತ್ತಿದೆ. ಈ ಭಾನುವಾರ ಮಾಲ್ ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ತಗೊಂಡು ನಿಮ್ಮ ರಸ್ತೆಯ ಯಾವುದಾದರೂ ಮರದ ಮುಂದೆ ಎರಡು ಸೆಕೆಂಡ್ ನಿಲ್ಲಿ. ಮುಂದಿನ ವರ್ಷ ಆ ಮರ ಅಲ್ಲೇ ಇರುತ್ತೆ ಅನ್ನೋ ಗ್ಯಾರಂಟಿ ಯಾವ ಅಂಗಡಿಯವರೂ ಕೊಡಲ್ಲ.