ಲಾನ್‌ಗೆ ಯೂರಿಯಾ ಎರಚೋ ಮುಂಚೆ ಒಂದು ತಕ್ಕಡಿ ತಗೊಳ್ಳಿ

ಎಕರೆಗಟ್ಟಲೆ ಹೊಲಕ್ಕೆ ಗೊಬ್ಬರ ಎರಚಿ ಅಭ್ಯಾಸ ಇರೋರಿಗೆ ಮನೆ ಮುಂದಿನ ಅರ್ಧ ಗುಂಟೆ ಹುಲ್ಲುಹಾಸು ಯಾವ ಲೆಕ್ಕ ಅನ್ನಿಸುತ್ತೆ. ಆದರೆ ಲೆಕ್ಕ ತಪ್ಪೋದೇ ಅಲ್ಲಿ. ಜಾಗ ಚಿಕ್ಕದಾದಷ್ಟೂ ಅಂದಾಜು ಕೆಲಸಕ್ಕೆ ಬರೋದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಯಾಕೆ ಈ ಮಾತು ಅಂದ್ರೆ, ಬೆಂಗಳೂರು ಸುತ್ತಮುತ್ತಲ ಫಾರ್ಮ್‌ಹೌಸ್‌ಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಲ್ಲಿ ಲಾನ್ ನೋಡಿಕೊಳ್ಳೋ ಕೆಲಸವನ್ನ ನಮ್ಮ ಹುಡುಗರೇ ತಿಂಗಳ ಲೆಕ್ಕದಲ್ಲಿ ಹಿಡೀತಿದ್ದಾರೆ. ಹೊಲದ ಕೆಲಸದ ಜೊತೆಗೆ ಕೈಗೆ ನಾಲ್ಕು ಕಾಸು ಬರೋ ದಾರಿ, ಒಳ್ಳೇದೇ. ಆದರೆ ರಾಗಿ ಹೊಲದಲ್ಲಿ ಒಂದು ಕಡೆ ಗೊಬ್ಬರ ಜಾಸ್ತಿ ಬಿದ್ದರೆ ಯಾರಿಗೂ ಕಾಣಲ್ಲ, ಬೆಳೆ ಎದ್ದಾಗ ಮುಚ್ಚಿಹೋಗುತ್ತೆ. ಲಾನ್‌ನಲ್ಲಿ ಹಾಗಲ್ಲ. ವಾರ ಕಳೆಯೋದರೊಳಗೆ ಒಂದು ಪಟ್ಟಿ ಕಡು ಹಸಿರು, ಪಕ್ಕದ ಪಟ್ಟಿ ಹಳದಿ, ನಡುವೆ ಸುಟ್ಟ ತಟ್ಟೆಯಗಲ ಕಲೆ. ಮಾಲೀಕರು ಬೆಳಿಗ್ಗೆ ಕಾಫಿ ಕುಡೀತಾ ನೋಡೋದು ಅದನ್ನೇ. ಮುಂದಿನ ತಿಂಗಳು ಫೋನ್ ಬರಲ್ಲ.

ಲೆಕ್ಕ ನೋಡಿ. 20 ಅಡಿಗೆ 30 ಅಡಿ ಲಾನ್ ಅಂದ್ರೆ 600 ಚದರ ಅಡಿ. ಒಂದು ಗುಂಟೆ 1089 ಚದರ ಅಡಿ, ಹಾಗಾಗಿ ಇದು ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. ಬೇರು ಚೆನ್ನಾಗಿ ಇಳಿದ ಹುಲ್ಲಿಗೆ ಒಂದು ಸಲಕ್ಕೆ ಗುಂಟೆಗೆ ಅರ್ಧ ಕೆಜಿ ಯೂರಿಯಾ ಸಾಕು. ಆ ಲೆಕ್ಕದಲ್ಲಿ ಈ ಲಾನ್‌ಗೆ ಬರೋದು 275 ಗ್ರಾಂ. ಐದಾರು ಹಿಡಿ ಅಷ್ಟೇ! ಇದೇ ಪ್ರಮಾಣ ಎಕರೆಗೆ 20 ಕೆಜಿ ಆಗುತ್ತೆ. ಎಕರೆಯಲ್ಲಿ ಒಂದು ಹಿಡಿ ಹೆಚ್ಚು ಕಮ್ಮಿ ಆದರೆ ಏನೂ ಇಲ್ಲ. ಇಲ್ಲಿ ಒಂದು ಹಿಡಿ ಹೆಚ್ಚಾದ್ರೆ ಐದರಲ್ಲೊಂದು ಭಾಗದಷ್ಟು ಹೆಚ್ಚಾದ ಹಾಗೆ. ಅದೂ ಒಂದೇ ಮೂಲೆಯಲ್ಲಿ ಬಿದ್ದರೆ ಆ ಮೂಲೆ ಮುಗೀತು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಇದೆ ಅನ್ನೋದು ಮರೀಬೇಡಿ.

ಗೊಬ್ಬರ ಎರಚೋ ತಳ್ಳುಗಾಡಿ ಮೆಷಿನ್ನಿನ ವಿಡಿಯೋ ನೋಡಿ ಅದನ್ನ ತರಿಸಬೇಕು ಅಂತ ಕೇಳೋರಿದ್ದಾರೆ. ಇಷ್ಟು ಜಾಗಕ್ಕೆ ಅದು ದಂಡ. ಅದರ ಬದಲು ಅಡುಗೆಮನೇಲಿ ಇಡೋ ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ಒಂದು ಅಳತೆ ಟೇಪು ತಗೊಳ್ಳಿ. ಟೇಪು ಯಾಕೆ, ಫೋನಲ್ಲಿ ಆ್ಯಪ್ ಇದೆಯಲ್ಲ ಅಂತೀರಿ. ಎಕರೆ ಅಳೆಯೋಕೆ ಆ ಆ್ಯಪ್ ಪರವಾಗಿಲ್ಲ. ಆದರೆ ಫೋನಿನ ಜಿಪಿಎಸ್ ಬಯಲಲ್ಲೇ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸೋದು ಮಾಮೂಲಿ. 20 ಅಡಿ ಅಂದ್ರೆ ಒಟ್ಟು ಆರು ಮೀಟರ್, ಅದರಲ್ಲಿ ಮೂರು ಮೀಟರ್ ತಪ್ಪಾದ್ರೆ ಇನ್ನೇನು ಉಳೀತು? ಟೇಪಲ್ಲಿ ಅಳೆದು ಫೋನಿನ ಕ್ಯಾಲ್ಕುಲೇಟರಲ್ಲಿ ಗುಣಿಸಿ, ಅಷ್ಟು ಸಾಕು.

ಇನ್ನು ಎರಚೋ ವಿಧಾನ. ತೂಕ ಮಾಡಿದ ಯೂರಿಯಾಕ್ಕೆ ಮೂರು ಕೆಜಿಯಷ್ಟು ಒಣ ಮರಳು ಬೆರೆಸಿ. ಬೆರೆಸಿ ಇಟ್ಟು ಊಟಕ್ಕೆ ಹೋಗಬೇಡಿ, ಯೂರಿಯಾ ತೇವ ಎಳೆದುಕೊಂಡು ಗಂಟು ಕಟ್ಟುತ್ತೆ. ಆಮೇಲೆ ಅದನ್ನ ಎರಡು ಸಮಪಾಲು ಮಾಡಿ. ಲಾನನ್ನೂ ಗೂಟ, ದಾರ ಹಾಕಿ ನಾಲ್ಕು ಚೌಕ ಮಾಡಿ. ಮೊದಲ ಪಾಲನ್ನ ನಾಲ್ಕು ಭಾಗ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ಭಾಗ, ಉದ್ದಕ್ಕೆ ನಡೀತಾ ಎರಚಿ. ಎರಡನೇ ಪಾಲನ್ನ ಅದೇ ಥರ, ಆದರೆ ಅಡ್ಡಕ್ಕೆ ನಡೀತಾ. ಉದ್ದದ ಸಾಲಲ್ಲಿ ಬಿಟ್ಟುಹೋದ ಜಾಗ ಅಡ್ಡದ ಸಾಲಲ್ಲಿ ಮುಚ್ಚುತ್ತೆ. ಕೈ ಸ್ವಲ್ಪ ಬಿಗಿಯಾಗೇ ಇರಲಿ, ಕೊನೆಗೆ ಉಳಿದರೆ ತೆಳ್ಳಗೆ ಚೆಲ್ಲಬಹುದು. ಹೆಚ್ಚು ಬಿದ್ದಿದ್ದನ್ನ ಎತ್ತೋಕೆ ಆಗಲ್ಲ.

ಬಕೆಟ್ಟಿಗೆ ತುಂಬೋದು, ಬೆರೆಸೋದು ಎಲ್ಲ ಲಾನಿಂದ ಆಚೆ ಇಟ್ಟುಕೊಳ್ಳಿ. ಸುಟ್ಟ ಕಲೆಗಳಲ್ಲಿ ಬಹಳಷ್ಟು ಬರೋದು ಎರಚುವಾಗ ಅಲ್ಲ, ತುಂಬುವಾಗ ಚೆಲ್ಲಿದ್ದರಿಂದ. ಬೆಳಗಿನ ಇಬ್ಬನಿ ಆರಿರಬೇಕು. ಒದ್ದೆ ಎಲೆ ಮೇಲೆ ಹರಳು ಅಂಟಿಕೊಂಡರೆ ಅಲ್ಲೇ ಸುಡುತ್ತೆ. ಎರಚಿದ ಕೂಡಲೇ ನೀರು ಕೊಡಿ.

ನೀರಿನ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳದಿ ಕಂಡ ಕಡೆಯೆಲ್ಲ ಗೊಬ್ಬರ ಕಮ್ಮಿ ಅಂತ ತೀರ್ಮಾನ ಮಾಡೋದು ನಮ್ಮಲ್ಲಿ ಒಂದು ರೋಗ. ಒಂದೇ ಅಳತೆಯ ಏಳೆಂಟು ಡಬ್ಬ ಲಾನ್ ಮೇಲೆ ಅಲ್ಲಲ್ಲಿ ಇಟ್ಟು ಸ್ಪ್ರಿಂಕ್ಲರ್ ಹತ್ತು ನಿಮಿಷ ಬಿಡಿ. ಒಂದು ಡಬ್ಬದಲ್ಲಿ ಎರಡು ಬೆರಳು ನೀರು, ಇನ್ನೊಂದರಲ್ಲಿ ತಳ ಒದ್ದೆ ಅಷ್ಟೇ ಇದ್ದರೆ ನಿಮ್ಮ ಹಳದಿಗೆ ಕಾರಣ ಗೊತ್ತಾಯ್ತು. ನೀರು ಸಮ ಬೀಳದ ಕಡೆ ಗೊಬ್ಬರ ಸಮ ಹಾಕಿ ಏನೂ ಪ್ರಯೋಜನ ಇಲ್ಲ. ಮಾವಿನ ಮರದ ನೆರಳಲ್ಲಿರೋ ಹುಲ್ಲು ಹೇಗೂ ನಿಧಾನ, ಅಲ್ಲಿಗೆ ಅರ್ಧ ಪ್ರಮಾಣ ಹಾಕಿ.

ಕಳೆನಾಶಕದ ವಿಷಯಕ್ಕೆ ಬಂದ್ರೆ ನನ್ನ ಮಾತು ಇನ್ನೂ ಖಡಕ್ಕು. ಅರ್ಧ ಗುಂಟೆಗೆ ಅದು ಬೇಡವೇ ಬೇಡ. ಗ್ಲೈಫೋಸೇಟ್ ಹೊಡೆದ್ರೆ ಕಳೆ ಜೊತೆ ಹುಲ್ಲೂ ಹೋಗುತ್ತೆ. 2,4-ಡಿ ಅಗಲ ಎಲೆಯ ಕಳೆಯನ್ನ ಮಾತ್ರ ಕೊಲ್ಲುತ್ತೆ ಅಂತ ಅಂಗಡಿಯವರು ಕೊಡ್ತಾರೆ, ನಿಜ. ಆದರೆ ಗಾಳಿಗೆ ಅದರ ಹನಿ ಪಕ್ಕದ ಟೊಮೆಟೊ, ದ್ರಾಕ್ಷಿ, ಹತ್ತಿ ಮೇಲೆ ಹೋದ್ರೆ ಎಲೆ ತಿರುಚಿಕೊಂಡು ಗಿಡ ಕೆಡುತ್ತೆ. ಅವೂ ಅಗಲ ಎಲೆಯವೇ ತಾನೆ. ಅರ್ಧ ಗುಂಟೆ ಲಾನ್ ಚೆಂದ ಮಾಡೋಕೆ ಹೋಗಿ ಪಕ್ಕದ ಹೊಲದ ಅಣ್ಣನ ಟೊಮೆಟೊ ಹಾಳು ಮಾಡಿದ್ರೆ ಯಾವ ತಿಂಗಳ ಸಂಬಳ ಅದನ್ನ ತುಂಬುತ್ತೆ? ಅದೇ ಪಂಪನ್ನ ಬರೀ ನೀರಲ್ಲಿ ತೊಳೆದು ನಾಳೆ ನಮ್ಮದೇ ಮೆಣಸಿನಕಾಯಿಗೆ ಔಷಧಿ ಹೊಡೆಯೋರೂ ಇದ್ದಾರೆ. ಪಂಪಲ್ಲಿ ಉಳಿದ ಅಂಶವೇ ಸಾಕು ಗಿಡ ಕೆಡೋಕೆ. ಮಳೆ ಬಂದು ನೆಲ ಮೆತ್ತಗಿದ್ದಾಗ ಇಬ್ಬರು ಕೂತು ಬೇರು ಸಮೇತ ಕಿತ್ತರೆ ಅರ್ಧ ದಿನದ ಕೆಲಸ.

ಇನ್ನೊಂದು ತಮಾಷೆ. ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಗ್ರಾಸ್ ಅಂತ ದುಡ್ಡು ಸುರಿದು ಬೆಳೆಸೋದು ನಾವು ಹೊಲದಲ್ಲಿ ಶಾಪ ಹಾಕ್ತಾ ಕೀಳೋ ಗರಿಕೆ ಜಾತಿಯನ್ನೇ. ಅದಕ್ಕೆ ನಮ್ಮ ಮಣ್ಣು ಹೊಸದಲ್ಲ, ಹಾಗಾಗಿ ಪ್ರತಿ ತಿಂಗಳು ರಾಸಾಯನಿಕ ಗೊಬ್ಬರ ತಿನ್ನಿಸಲೇಬೇಕು ಅಂತೇನಿಲ್ಲ. ಜರಡಿ ಹಿಡಿದ ಎರೆಗೊಬ್ಬರವನ್ನ ಮುಂಗಾರಿನ ಮುಂಚೆ ತೆಳ್ಳಗೆ ಹರಡಿ, ಪೊರಕೆಯಲ್ಲಿ ಹುಲ್ಲಿನ ಬುಡಕ್ಕೆ ಇಳಿಸಿದ್ರೆ ಒಂದು ಹಿಡಿ ಹೆಚ್ಚು ಕಮ್ಮಿ ಆದ್ರೂ ಸುಡೋ ಭಯ ಇಲ್ಲ. ಕೈ ಇನ್ನೂ ಪಳಗದೇ ಇರೋರು ಮೊದಲ ವರ್ಷ ಇದರಲ್ಲೇ ಶುರು ಮಾಡಿ ಅಂತೀನಿ.

ಕತ್ತರಿಸಿದ ಹುಲ್ಲನ್ನ ಮನೆಗೆ ತಂದು ಹಸುಗೆ ಹಾಕೋ ಆಸೆ ಎಲ್ಲರಿಗೂ ಇರುತ್ತೆ. ಯೂರಿಯಾ ಈಗಷ್ಟೇ ಬಿದ್ದ ಲಾನಿಂದ, ಇಲ್ಲವೇ ಹಿಂದೆ ಯಾರು ಏನು ಹೊಡೆದಿದ್ದಾರೆ ಅಂತ ಗೊತ್ತಿಲ್ಲದ ಲಾನಿಂದ ತರಬೇಡಿ. ಕೆಲಸ ಒಪ್ಪಿಕೊಳ್ಳೋ ದಿನವೇ ಮಾಲೀಕರನ್ನ ಕೇಳಿ, ಏನು ಹೊಡೆದಿದ್ರು, ಯಾವಾಗ ಅಂತ ಫೋನಲ್ಲಿ ಬರೆದಿಟ್ಟುಕೊಳ್ಳಿ.