ಔಷಧಿ ವೈದ್ಯರದ್ದು, ಆಸರೆ ಮನೆಯದ್ದು

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಓಡಲಾಗದೆ 28 ಮಂದಿ ಪ್ರಾಣ ಕಳಕೊಂಡರು. ದೇಶವು ಕೇಂದ್ರದ ಮಾಲಕರನ್ನು ದೂರಿತು, ಸರಕಾರವನ್ನು ದೂರಿತು. ಎರಡೂ ನ್ಯಾಯವೇ. ಆದರೆ ಅಂತಹ ಕೇಂದ್ರಗಳಿಗೆ ರೋಗಿಗಳನ್ನು ಕರೆತಂದು ಬಿಡುತ್ತಿದ್ದವರು ಯಾರು? ಹೆಚ್ಚಾಗಿ ಅವರ ಮನೆಯವರೇ. ಅವರು ಕಟುಕರಾಗಿರಲಿಲ್ಲ, ದಣಿದವರು, ಬಡವರು, ದಾರಿ ತೋಚದವರು.

ಕೆಲವು ತಿಂಗಳ ಹಿಂದೆ ಹಾನಗಲ್ ತಾಲೂಕಿನ ತಿಳವಳ್ಳಿಗೆ ಹೋಗಿದ್ದೆ. ಮದ್ರಸಾದಲ್ಲಿ ನನ್ನ ಜೊತೆ ಕಲಿತ ಗೆಳೆಯನೊಬ್ಬ ಅಲ್ಲಿದ್ದಾನೆ. ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದು, ಗುರುತು ಮರೆಸಿ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ನಿದ್ದೆ ಹೋಯಿತು. ಬೀದಿಯವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದ. ತಾಯಿಯ ಕೈಯ ಅನ್ನದಲ್ಲೂ ವಿಷವಿದೆಯೆಂದು ತಟ್ಟೆ ಸರಿಸಿದ. ಎರಡು ವರ್ಷ ಮನೆಯವರು ತಾವೀಜಿನಿಂದ ತಾವೀಜಿಗೆ ಅಲೆದರು. ಜಿನ್ನ್ ಬಿಡಿಸುವೆನೆಂದ ಒಬ್ಬಾತ ಹಣ ಪಡೆದು ಬೆತ್ತದಿಂದ ಹೊಡೆದ. ಕೊನೆಗೆ ಹಿರಿಯರು ಹೇಳಿದ್ದು ನಮ್ಮೆಲ್ಲರಿಗೂ ಪರಿಚಿತವಾದ ಪರಿಹಾರ: "ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ."

ತಾಯಿ ಒಪ್ಪಲಿಲ್ಲ. "ಇನ್ನೊಬ್ಬರ ಮಗಳನ್ನು ನನ್ನ ಮಗನಿಗೆ ಔಷಧಿಯಾಗಿ ತರಲಾರೆ" ಎಂದರು. ಮರುವಾರ ಮಗನನ್ನು ಬಸ್ಸು ಹತ್ತಿಸಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ದರು. 'ಧಾರವಾಡಕ್ಕೆ ಕಳಿಸಬೇಕು' ಎಂಬುದು ನಮ್ಮ ಕಡೆ ಬೈಗುಳ. ಆ ಬೈಗುಳದ ಊರಿಗೆ ಹೋಗಲು ಆಕೆಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ಊಹಿಸಿ.

ರೋಗ ಸ್ಕಿಜೋಫ್ರೇನಿಯಾ ಎಂದು ತಿಳಿಯಿತು. ಅಕ್ಕ ಗುಳಿಗೆಗಳನ್ನು ಎಣಿಸಿ ಕೊಡುವ ಹೊಣೆ ಹೊತ್ತಳು. ಮಾತುಮಾತಿಗೆ ಗದರುತ್ತಿದ್ದ ತಂದೆ ಮೌನ ಕಲಿತರು. ಮಾಮು ತಮ್ಮ ಟೇಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವ ಎರಡು ಗಂಟೆಯ ಕೆಲಸ ಕೊಟ್ಟರು. ಮಧ್ಯೆ ಒಮ್ಮೆ, "ಇನ್ನೂ ಎಷ್ಟು ದಿನ ಗುಳಿಗೆ?" ಎಂಬ ಬಂಧುಗಳ ಮಾತು ಕೇಳಿ ಔಷಧಿ ಬಿಟ್ಟ; ರೋಗ ಮರಳಿತು. ಮನೆಯವರು ಶಪಿಸದೆ ಮತ್ತೆ ಧಾರವಾಡದ ಬಸ್ಸು ಹತ್ತಿದರು. ಇಂದು ಆ ಅಂಗಡಿಯ ಬಾಗಿಲು ತೆರೆಯುವವನು ಅವನೇ. ಗುಳಿಗೆ ಈಗಲೂ ಇದೆ, ಬದುಕೂ ಇದೆ.

ಆ ದುರ್ದಿನಗಳಲ್ಲಿ ನಾನು ಅವನನ್ನು ನೋಡಲು ಹೋಗಲಿಲ್ಲ. ಕಾಲು ಮುರಿದಿದ್ದರೆ ಮೋಸಂಬಿ ಹಿಡಿದು ಹೋಗುತ್ತಿದ್ದೆ.

ತಿಳವಳ್ಳಿಯ ಆ ಮನೆ ಅರಿಯದೆಯೇ ಮಾಡಿದ್ದನ್ನು ವೈದ್ಯಶಾಸ್ತ್ರ ದೃಢಪಡಿಸಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಬಂಧುಗಳನ್ನು ಜೊತೆಯಲ್ಲಿರಿಸಿ ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿಸಿದರು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಆಸ್ಪತ್ರೆಯಿಂದ ಮರಳಿದ ರೋಗಿಗಳನ್ನು ಗಮನಿಸಿದಾಗ, ಸದಾ ಟೀಕೆ, ಹಗೆತನ ಮತ್ತು ಅತಿಯಾದ ಕಾವಲು ಇದ್ದ ಮನೆಗಳಲ್ಲಿ ರೋಗ ಹೆಚ್ಚಾಗಿ ಮರುಕಳಿಸುವುದು ಕಂಡಿತು. 1980ರ ದಶಕದ ಚಂಡೀಗಢದ ಅಧ್ಯಯನದಲ್ಲಿ ಅಂತಹ ಮನೆಗಳು ಲಂಡನ್ನಿಗಿಂತ ಕಡಿಮೆಯಿದ್ದವು. ಮನೆಯವರಿಂದಲೇ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಗುಣಮುಖವಾಗುವ ಹಾದಿಯನ್ನು ಮನೆಯ ಮಾತು ಸುಗಮಗೊಳಿಸಬಲ್ಲದು ಅಥವಾ ದುರ್ಗಮಗೊಳಿಸಬಲ್ಲದು ಎಂದಷ್ಟೇ.

"ಈಮಾನ್ ಗಟ್ಟಿಯಿದ್ದರೆ ಮನಸ್ಸು ಕೆಡುವುದಿಲ್ಲ" ಎನ್ನುವವರು ನಮ್ಮಲ್ಲಿದ್ದಾರೆ. ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯ ದುಃಖದಿಂದ ಕಣ್ಣಿನ ಬೆಳಕನ್ನೇ ಕಳಕೊಂಡರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನನ್ನು ಅಳೆಯುವವರಾರು? ಬುದ್ಧಿಸ್ವಾಸ್ಥ್ಯ ತಪ್ಪಿದವನ ಮೇಲೆ, ಅದು ಮರಳುವ ತನಕ ಧಾರ್ಮಿಕ ಹೊಣೆಯಿಲ್ಲವೆಂದು ಪ್ರವಾದಿವಚನವಿದೆ. ಅಲ್ಲಾಹನೇ ಬಾಧ್ಯತೆಯಿಂದ ಮುಕ್ತಗೊಳಿಸಿದವನನ್ನು ನಾವು ಬೆತ್ತದಿಂದ ವಿಚಾರಿಸುವುದೇ? ಡಮಾಸ್ಕಸ್ ಮತ್ತು ಕೈರೋದ ಬೀಮಾರಿಸ್ತಾನ್‌ಗಳಲ್ಲಿ ಶತಮಾನಗಳ ಹಿಂದೆಯೇ ಮನೋರೋಗಿಗಳಿಗೆ ಚಿಕಿತ್ಸೆಯಿತ್ತು. ಚಿಕಿತ್ಸೆಯನ್ನು ಹುಡುಕುವುದು ತವಕ್ಕುಲಿಗೆ ವಿರುದ್ಧವೆಂದು ಆ ಪೂರ್ವಿಕರು ಭಾವಿಸಿರಲಿಲ್ಲ. ದುಆ ಇರಲಿ, ಗುಳಿಗೆಯೂ ಇರಲಿ.

ಆದರೆ ಕುಟುಂಬದ ಗುಣಗಾನ ಮಾಡಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಬಹುಪಾಲು ಮಂದಿಗೆ ಚಿಕಿತ್ಸೆ ತಲುಪಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿಡುವುದನ್ನು ನಿಷೇಧಿಸಿದೆ, ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಆದರೆ ರಾತ್ರಿಯಿಡೀ ಎಚ್ಚರವಿರುವ ತಾಯಿಗೆ ಬಿಡುವು ಕೊಡುವವರಾರು? ಆರೈಕೆಯ ಭಾರ ಬೀಳುವುದು ತಾಯಿ, ಅಕ್ಕ, ಹೆಂಡತಿಯರ ಹೆಗಲ ಮೇಲೆಯೇ. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವಂತೆ ಕರ್ನಾಟಕ ಸರಕಾರವು 'ಮನೋಚೈತನ್ಯ' ಯೋಜನೆಯನ್ನು ರೂಪಿಸಿತು. ನಿಮ್ಮ ತಾಲೂಕಿನಲ್ಲಿ ಅವರು ಬರುತ್ತಿದ್ದಾರೆಯೇ? ವಿಚಾರಿಸಿ, ಬಾರದಿದ್ದರೆ ಒತ್ತಾಯಿಸುವುದು ಜಮಾಅತಿನ ಕೆಲಸ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯವರೂ ಉಚಿತವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆಯಲು ಖರ್ಚೇನಿದೆ?

ಮಗನ ರೋಗವನ್ನು ಮುಚ್ಚಿಟ್ಟು ಹೆಣ್ಣು ಕೇಳುವುದನ್ನು ನಿಲ್ಲಿಸೋಣ. ಆ ನಿಕಾಹ್ ಒಂದಲ್ಲ, ಎರಡು ಜೀವಗಳನ್ನು ಕೆಡಿಸುತ್ತದೆ. ರೋಗ ತಿಳಿದ ದಿನ ವೈದ್ಯರಲ್ಲಿಗೆ ಹೋಗೋಣ, ಅವರು ಹೇಳುವ ತನಕ ಗುಳಿಗೆ ಬಿಡಿಸದಿರೋಣ, ಚೇತರಿಸಿಕೊಂಡವನಿಗೆ ಕೆಲಸ ಕೊಡೋಣ. ರೋಗಿಯ ಸಂದರ್ಶನ ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕು. ಆ ರೋಗಿಗಳ ಪಟ್ಟಿಯಿಂದ ಮನಸ್ಸು ನೊಂದವರನ್ನು ಹೊರಗಿಟ್ಟವರು ನಾವೇ. ನಿಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿಕೊಂಡ ಅಂತಹ ಮನೆ ಯಾವುದೆಂದು ನಿಮಗೆ ಗೊತ್ತು. ಈ ಶುಕ್ರವಾರ ಜುಮಾ ಮುಗಿಸಿ ಆ ಬಾಗಿಲು ತಟ್ಟುವಿರಾ?